ಗಡಿಯಲ್ಲಿ ಇಳಿದವಳು

ಸ್ನೇಹಿತರೇ, ನಿಮ್ಮ ಮನೆಯ ಅಟ್ಟದ ಮೇಲೋ ಅಡುಗೆಮನೆಯ ಮೂಲೆಯಲ್ಲೋ ಒಂದು ತಿರುಪಿನ ಕೂಜ ಇರದೆ ಇರಲಾರದು; ಮುಚ್ಚಳವೇ ಲೋಟವಾಗುವ, ಹಿಡಿಕೆ ಎತ್ತಿದರೆ ಕಿರುಗುಟ್ಟುವ, ಎಷ್ಟು ಬಿಗಿದರೂ ಎರಡು ತೊಟ್ಟು ಸೋರಿಯೇ ತೀರುವ ಆ ಹಳೆಯ ಸ್ಟೀಲಿನ ಕೂಜ. ನನಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿದ ದಿನ ಅಮ್ಮ ಪಾತ್ರೆ ಅಂಗಡಿಯಲ್ಲಿ ನಿಂತು ‘ಗಿರಿಜಾ’ ಎಂದು ಹೆಸರು ಕೊರೆಸಿ ಕೊಟ್ಟದ್ದು ಅದೇ. ಅಮೆರಿಕದಲ್ಲಿ, ನಮ್ಮ ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿ ಅದು ಫ್ರಿಜ್ಜಿನ ತಲೆಯ ಮೇಲೆ ಕೂತಿತ್ತು. ನನ್ನ ಗಂಡ ಉಮೇಶ್ ಅದನ್ನು ಕಂಡಾಗಲೆಲ್ಲ, “ಇಲ್ಲಿ ಗ್ರೋಸರಿ ಅಂಗಡೀಲಿ ನೀರಿನ ಬಾಟ್ಲು ಡಜನ್‌ಗಟ್ಲೆ ಸಿಗತ್ತೆ ಕಣೇ, ಇದನ್ಯಾಕೆ ಹೊತ್ಕೊಂಡು ಬಂದೆ?” ಎಂದು ರೇಗಿಸುತ್ತಿದ್ದರು. ಕೂಜವಿಲ್ಲದೆ ಹೊರಟರೆ ಅದು ಪ್ರಯಾಣವೇ ಅಲ್ಲ ಎಂದು ನಾನು ಅಷ್ಟೇ ಸಲ ಉತ್ತರಿಸುತ್ತಿದ್ದೆ.

ನಾನು ಅರಸೀಕೆರೆ ಸ್ಟೇಷನ್ನಿನ ಕೌಂಟರಿನವಳು. ಟಿಕೆಟ್ ಕಾಯ್ದಿರಿಸುವುದು, ಗಾಡಿ ಎಲ್ಲಿದೆ ಎಂದು ಕೇಳಿದವರಿಗೆ ಹೇಳುವುದು, ಕೇಳದವರಿಗೂ ಮೈಕಿನಲ್ಲಿ ಕೂಗಿ ಹೇಳುವುದು, ಇದೇ ಒಂಬತ್ತು ವರ್ಷದ ಬದುಕು. ಮದುವೆಯಾದ ಮೇಲೆ ಉಮೇಶ್ ಜೊತೆ ಅಮೆರಿಕಕ್ಕೆ ಬರುವಾಗ ಕೆಲಸ ಬಿಟ್ಟಿರಲಿಲ್ಲ. ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಅದು ಡಾಟ್ ಕಾಮ್‌ಗಳ ಕಾಲ. ಬೆಕ್ಕಿನ ತಿಂಡಿಗೂ ಒಂದು ಡಾಟ್ ಕಾಮ್, ಬೆಕ್ಕು ಕಳೆದುಹೋದರೆ ಹುಡುಕಲು ಇನ್ನೊಂದು. ಎಲ್ಲರಿಗೂ ಕೈತುಂಬ ಕೆಲಸ, ನನಗೊಬ್ಬಳಿಗೆ ಮಾತ್ರ ಇಲ್ಲ. ಅವಲಂಬಿತರ ವೀಸಾದಲ್ಲಿ ಬಂದ ಹೆಂಡತಿ ದುಡಿಯುವಂತಿರಲಿಲ್ಲ. ಉಮೇಶ್ ಬೆಳಗ್ಗೆ ಫಾಸ್ಟರ್ ಸಿಟಿಯ ಆಫೀಸಿಗೆ ಕಾರು ಹತ್ತಿದರೆ ನಾನು ಟ್ರಾಮಿನಂಥ ಲೈಟ್ ರೈಲು ಹತ್ತಿ ಸುಮ್ಮನೆ ಈ ತುದಿಯಿಂದ ಆ ತುದಿಗೆ ಹೋಗಿಬರುತ್ತಿದ್ದೆ. ಬಾಗಿಲು ಮುಚ್ಚುವ ಮುನ್ನ ಮೈಕಿನಲ್ಲಿ ಬರುವ ದನಿ ಕೇಳಿದರೆ, ನಾನೂ ತುಟಿಯೊಳಗೇ ‘ಪ್ರಯಾಣಿಕರ ಗಮನಕ್ಕೆ’ ಎಂದುಕೊಳ್ಳುತ್ತಿದ್ದೆ.

ಹೀಗಿರಲು ಊರಿನ ರೈಲ್ವೆ ಕಚೇರಿಯಿಂದ ಪತ್ರ ಬಂತು: ರಜೆ ಇನ್ನು ಮುಂದುವರಿಯದು, ತಿಂಗಳ ಕೊನೆಯೊಳಗೆ ಬಂದು ಸೇರಿಕೊಳ್ಳಿ, ಇಲ್ಲವೇ ರಾಜೀನಾಮೆ ಕೊಡಿ. ಉಮೇಶ್ ಕೆಟ್ಟವರಲ್ಲ. ಮರುದಿನವೇ ಆಫೀಸಿನಲ್ಲಿ ನನ್ನ ಪರವಾಗಿ ರಾಜೀನಾಮೆ ಪತ್ರವನ್ನು ಒಳ್ಳೆಯ ಇಂಗ್ಲಿಷಿನಲ್ಲಿ ಟೈಪು ಮಾಡಿ, ದಪ್ಪ ಕಾಗದದಲ್ಲಿ ಪ್ರಿಂಟು ತೆಗೆದು ತಂದರು. ಕೆಳಗೆ ನನ್ನ ಸಹಿಯೊಂದು ಬಾಕಿ. ನನಗೆ ಸಹಿ ಹಾಕಲು ಮನಸ್ಸಿಲ್ಲ, ಹಾಕುವುದಿಲ್ಲ ಎನ್ನಲು ಧೈರ್ಯವೂ ಇಲ್ಲ. ಅನ್ನಕ್ಕೆ ಇಟ್ಟಿದ್ದೇನೆ, ಕೈ ಒದ್ದೆಯಾಗಿದೆ, ಪೆನ್ನು ಬರೆಯುತ್ತಿಲ್ಲ ಎಂದು ಒಂದೊಂದು ದಿನ ಒಂದೊಂದು ನೆಪ ಹೇಳುತ್ತ ಬಂದೆ.

ಅಷ್ಟರಲ್ಲಿ ವೀಸಾದ ಯಾತ್ರೆ ಬಂತು. ಉಮೇಶ್ ಕಂಪನಿ ಬದಲಾಯಿಸಿದ್ದರಿಂದ ಇಬ್ಬರ ಪಾಸ್‌ಪೋರ್ಟಿಗೂ ಹೊಸ ಮುದ್ರೆ ಬೀಳಬೇಕಿತ್ತು. ಆಗೆಲ್ಲ ನಮ್ಮವರು ಹರಕೆ ಹೊತ್ತವರ ಹಾಗೆ ಒಂದೋ ಮೆಕ್ಸಿಕೋಗೆ, ಇಲ್ಲವೇ ಕೆನಡಾಕ್ಕೆ ಹೋಗಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. ನಮ್ಮದು ವ್ಯಾಂಕೂವರ್ ಎಂದಾಯಿತು. ನಾನು ರೈಲಿನಲ್ಲೇ ಹೋಗೋಣ ಎಂದು ಹಟ ಹಿಡಿದೆ.

“ಪ್ಲೇನಲ್ಲಿ ಮೂರು ಗಂಟೆ ಕೂಡ ಇಲ್ಲ ಗಿರಿಜಾ. ಟ್ರೈನಲ್ಲಿ ಒಂದೂವರೆ ದಿನ! ಯಾರಾದ್ರೂ ಕೇಳಿದ್ರೆ ನಗ್ತಾರೆ.”

“ನಗ್ಲಿ ಬಿಡ್ರಿ. ರೈಲು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೇಗ್ ದಾಟತ್ತೆ ಅಂತ ನಾನು ನೋಡ್ಬೇಕು.”

ಅವರು, “ಸರಿ. ವಾಪಸ್ ಬಂದ್ಮೇಲೆ ಆ ಲೆಟರ್‌ಗೆ ಸೈನ್ ಮಾಡ್ತೀಯಾ?” ಎಂದರು. ಮಾಡ್ತೀನಿ ಎಂದುಬಿಟ್ಟೆ. ರೈಲಿನ ಆಸೆಗೆ ರೈಲ್ವೆಯನ್ನೇ ಅಡವಿಟ್ಟೆನಲ್ಲ, ಎಂಥ ಪೆದ್ದಿ ನಾನು!

ನಮ್ಮ ಗಾಡಿ ತಡವಾಗಿ ಬಂತು, ಹೋಗುತ್ತ ಹೋಗುತ್ತ ಇನ್ನೂ ತಡವಾಯಿತು. ಪಕ್ಕದವರೆಲ್ಲ ಗೊಣಗುತ್ತಿದ್ದರೆ ನನಗೆ ತವರಿನವರು ಯಾರೋ ಸಿಕ್ಕಷ್ಟು ಸಂತೋಷ. ಸಿಯಾಟಲ್‌ನಲ್ಲಿ ಗಾಡಿ ಬದಲಿಸಿದೆವು. ಅಲ್ಲಿಂದ ಮುಂದೆ ಒಂದು ಕಡೆ ಸಮುದ್ರ, ಒಂದು ಕಡೆ ಗುಡ್ಡ. ಕೆನಡಾ ಎಲ್ಲಿ ಶುರುವಾಗುತ್ತದೆಂದು ಕಿಟಕಿಗೆ ಮೂಗು ಒತ್ತಿ ಕಾದೆ. ಗಡಿಯಲ್ಲಿ ಬಿಳಿಯ ಕಮಾನೊಂದಿದೆ ಎಂದು ಯಾರೋ ತೋರಿಸಿದರು. ನೋಡುವಷ್ಟರಲ್ಲಿ ಅದು ಹಿಂದೆ ಹೋಗಿತ್ತು. ಚಕ್ರದ ಸದ್ದು ಒಂದಿಷ್ಟೂ ಬದಲಾಗಲಿಲ್ಲ.

ನನಗೆ ಅದೇ ಸೋಜಿಗ. ನಮ್ಮ ಕಡೆ ಮೀಟರ್ ಗೇಜನ್ನು ಬ್ರಾಡ್ ಗೇಜು ಮಾಡುತ್ತಿದ್ದ ವರ್ಷಗಳಲ್ಲಿ ಒಂದೇ ರಾಜ್ಯದೊಳಗೆ, ಒಂದೇ ಭಾಷೆಯ ಜನ, ಒಂದು ಹಳಿ ಮುಗಿದು ಇನ್ನೊಂದು ಹಳಿ ಶುರುವಾಗುವಲ್ಲಿ ಹಾಸಿಗೆ ಟ್ರಂಕು ಮಕ್ಕಳು ಮರಿ ಎಲ್ಲವನ್ನೂ ಇಳಿಸಿಕೊಂಡು ಎದುರಿನ ಗಾಡಿಗೆ ಓಡುವುದನ್ನು ಕಂಡವಳು ನಾನು. ಹಾಗಾದರೆ ಗಡಿ ಎನ್ನುವುದು ಎಲ್ಲಿದೆ, ನಕಾಶೆಯಲ್ಲೋ ಹಳಿಯ ಅಗಲದಲ್ಲೋ? ನಮ್ಮ ದೇಶಕ್ಕೂ ನೆರೆಯ ದೇಶಕ್ಕೂ ನಡುವೆ ಹಳಿಯ ಅಳತೆ ಒಂದೇ ಇದ್ದರೂ ಜನ ಗಂಟುಮೂಟೆಯೊಂದಿಗೆ ಇಳಿದು, ತಪಾಸಣೆಯ ಸಾಲಿನಲ್ಲಿ ನಿಂತು, ಮತ್ತೆ ಹತ್ತಬೇಕಂತೆ. ಕಬ್ಬಿಣಕ್ಕೆ ಒಪ್ಪಿಗೆಯಾದದ್ದು ಮನುಷ್ಯರಿಗೇಕೆ ಒಪ್ಪಿಗೆಯಾಗುವುದಿಲ್ಲ ಎಂದು ಉಮೇಶ್‌ರನ್ನು ಕೇಳಿದೆ. ಅವರು ನಿದ್ದೆ ಹೋಗಿದ್ದರು.

ವ್ಯಾಂಕೂವರಿನಲ್ಲಿ ಮುದ್ರೆ ಸಲೀಸಾಗಿ ಬಿತ್ತು. ಎಡವಟ್ಟಾದದ್ದು ಹಿಂದಿರುಗುವಾಗ.

ಸಂಜೆಯ ಬಿಸಿಲು ಇನ್ನೂ ಇತ್ತು. ಗಡಿ ದಾಟಿದ ಕೂಡಲೇ ಗಾಡಿ ನಿಂತಿತು. ನಮ್ಮ ಬೋಗಿಯ ಬಾಗಿಲು ತೆರೆದು, ಕಂಡಕ್ಟರು ಕೆಳಗೆ ಒಂದು ಹಳದಿ ಕಾಲುಮಣೆ ಇಟ್ಟರು. ಗಾಡಿ ನಿಂತರೆ ಇಳಿಯಬೇಕು, ಕೈಕಾಲು ಆಡಿಸಬೇಕು, ನಲ್ಲಿ ಹುಡುಕಿ ನೀರು ಹಿಡಿಯಬೇಕು: ಇದನ್ನು ನಮಗ್ಯಾರೂ ಕಲಿಸಬೇಕಿಲ್ಲ ನೋಡಿ. ಕಾಲುಮಣೆ ಬೇರೆ ಇಟ್ಟು ಕರೆಯುತ್ತಿದ್ದಾರೆ! ಉಮೇಶ್ ಕಾಗದಪತ್ರಗಳ ಚೀಲ ಬಿಚ್ಚಿಕೊಂಡು ಕೂತಿದ್ದರು. ನಾನು ಕೂಜ ಹಿಡಿದು ಇಳಿದೇ ಇಳಿದೆ. ಆ ಮಣೆ ಇಟ್ಟದ್ದು ಹತ್ತಲು ಬರುತ್ತಿದ್ದ ಅಧಿಕಾರಿಗಳಿಗೆ ಎಂದು, ಪ್ರಯಾಣಿಕರು ಕೂತಲ್ಲಿಂದ ಅಲುಗಬಾರದು ಎಂದು ಆಗಲೇ ಮೈಕಿನಲ್ಲಿ ಹೇಳಿದ್ದರಂತೆ. ಒಂಬತ್ತು ವರ್ಷ ಮೈಕಿನಲ್ಲಿ ಕೂಗಿದವಳು ಬೇರೆಯವರು ಕೂಗಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಜಲ್ಲಿಯ ಮೇಲೆ ಹತ್ತು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ನಿಲ್ಲು ಎಂದು ದೊಡ್ಡ ದನಿ. ತಿರುಗಿದರೆ ಎತ್ತರದ ಅಧಿಕಾರಿಯೊಬ್ಬರು, ಸೊಂಟದಲ್ಲಿ ಪಿಸ್ತೂಲು. ಪಾಸ್‌ಪೋರ್ಟ್ ಎಲ್ಲಿ ಎಂದರು. ಒಳಗೆ, ಗಂಡನ ಹತ್ತಿರ ಎಂದೆ. ಯಾಕೆ ಇಳಿದೆ ಎಂದರು. ಕೂಜ ಎತ್ತಿ ತೋರಿಸಿದೆ. ಅವರು ಮುಚ್ಚಳ ತಿರುಗಿಸಿ, ಒಳಗೆ ಇಣುಕಿ, ಮೂಸಿ ನೋಡಿ, ಹೊರಗೆ ಕೊರೆದಿದ್ದ ಕನ್ನಡದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ಉಮೇಶ್ ಬಾಗಿಲಿಗೆ ಬಂದರು. ಕೆಳಗಿಳಿಯದಂತೆ ಕಂಡಕ್ಟರು ಅವರ ಭುಜ ಹಿಡಿದಿದ್ದರು. ಪಾಸ್‌ಪೋರ್ಟು ಕೈಯಿಂದ ಕೈಗೆ ದಾಟಿ ಬಂತು.

ಪುಟ ತಿರುವುತ್ತ ಅಧಿಕಾರಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಈ ಪ್ರಶ್ನೆಗೆ ‘ಹೌಸ್‌ವೈಫ್’ ಎಂದು ಹೇಳಬೇಕೆಂದು ಉಮೇಶ್ ನಾಲ್ಕು ಸಲ ಬಾಯಿಪಾಠ ಮಾಡಿಸಿದ್ದರು. ನನ್ನ ಬಾಯಿಂದ ಬಂದದ್ದು, “ರೈಲ್ವೆ, ಸರ್. ಇಂಡಿಯನ್ ರೈಲ್ವೆ. ರಜೆಯಲ್ಲಿದ್ದೇನೆ.”

ಹಾಗಾದರೆ ಆ ಕೆಲಸಕ್ಕೆ ಹಿಂತಿರುಗಿ ಹೋಗುತ್ತೀರಾ ಎಂದರು.

ಹೌದು ಎಂದೆ. ಯೋಚಿಸಲಿಲ್ಲ, ತಡವರಿಸಲಿಲ್ಲ, ಮೈಸೂರು ಗಾಡಿ ಯಾವ ಪ್ಲಾಟ್‌ಫಾರಮ್ಮು ಎಂದು ಕೇಳಿದರೆ ಹೇಳುವ ಹಾಗೆ ಹೇಳಿಬಿಟ್ಟೆ. ಅವರು ಮೊದಲ ಸಲ ನಕ್ಕು, ರೈಲ್ವೆಯವರೇ ಹೀಗೆ ಇಳಿದರೆ ಹೇಗಮ್ಮಾ ಎನ್ನುವ ಧಾಟಿಯಲ್ಲಿ ಏನೋ ಅಂದು ಪಾಸ್‌ಪೋರ್ಟು ಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಉಮೇಶ್ ನಗಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ನನ್ನಿಂದಾಗಿ ಬೋಗಿಯಲ್ಲಿದ್ದವರೆಲ್ಲರ ತಪಾಸಣೆ ಮೊದಲಿನಿಂದ ನಡೆಯಿತು. ರೈಲ್ವೆಯವಳಾಗಿ ಒಂದು ಗಾಡಿಯನ್ನು ತಡೆದು ನಿಲ್ಲಿಸಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಸತ್ತುಹೋದೆ. ಗಾಡಿ ಹೊರಟ ಮೇಲೆ ಕ್ಷಮೆ ಕೇಳಲು ಹೋದರೆ, ಆ ನರೆಗೂದಲಿನ ಕಂಡಕ್ಟರು ತಮ್ಮ ಇಡೀ ನೌಕರಿಯ ಅರ್ಧ ಆಯುಸ್ಸು ಈ ಜಾಗದಲ್ಲಿ ನಿಂತೇ ಕಳೆಯಿತೆಂದು ಹೇಳಿ ಸಮಾಧಾನ ಮಾಡಿದರು. ನನಗೆ ಅಷ್ಟು ಸಾಕಿತ್ತು. ಗಾಡಿ ನಿಲ್ಲಿಸುವುದೇಕೆ ಸ್ವಾಮಿ, ನಮ್ಮ ಟಿ.ಟಿ.ಇ. ಏನು ಮಾಡುತ್ತಾರೆ ಗೊತ್ತೆ ಎಂದು ಶುರು ಮಾಡಿದೆ. ಹಿಂದಿನ ಸ್ಟೇಷನ್ನಿನಲ್ಲೇ ಅಧಿಕಾರಿಗಳು ಹತ್ತಲಿ. ಸೀಟಿನ ನಂಬರು, ಹೆಸರು, ಪಾಸ್‌ಪೋರ್ಟು ಎಲ್ಲ ಒಂದೇ ಚಾರ್ಟಿನಲ್ಲಿ ಇರಲಿ. ಓಡುವ ಗಾಡಿಯಲ್ಲೇ ಬೋಗಿಯಿಂದ ಬೋಗಿಗೆ ನಡೆದು ಟಿಕ್ಕು ಹಾಕುತ್ತ ಬರಲಿ. ಅನುಮಾನ ಬಂದವರನ್ನು ಮಾತ್ರ ಮುಂದಿನ ಸ್ಟೇಷನ್ನಿನಲ್ಲಿ ಇಳಿಸಲಿ. ಒಬ್ಬರ ಅನುಮಾನಕ್ಕೆ ಇನ್ನೂರು ಜನ ಕಾಯುವುದು ಯಾವ ನ್ಯಾಯ? ಬರೆದು ತೋರಿಸಿ ಎಂದರು ಕಂಡಕ್ಟರು. ಸೀಟಿಗೆ ಓಡಿ ಉಮೇಶ್‌ರ ಕಾಗದಪತ್ರಗಳ ಚೀಲದಲ್ಲಿ ಕೈಗೆ ಸಿಕ್ಕ ಕಾಗದ ಎಳೆದುಕೊಂಡು, ಖಾಲಿ ಬದಿಯಲ್ಲಿ ಚಾರ್ಟು ಗೀಚಿದೆ. ಬೋಗಿ, ಸೀಟು, ಬಾಣದ ಗುರುತು. ಅಮೆರಿಕಕ್ಕೆ ಬಂದ ಎರಡು ವರ್ಷದಲ್ಲಿ ಅಷ್ಟು ಖುಷಿಯಾಗಿ ಏನನ್ನೂ ಮಾಡಿರಲಿಲ್ಲ.

ಅದನ್ನು ಮಡಚುವಾಗ ಹಿಂಬದಿ ಕಂಡಿತು. ದಪ್ಪ ಕಾಗದ, ಒಳ್ಳೆಯ ಇಂಗ್ಲಿಷು, ಕೆಳಗೆ ನನ್ನ ಸಹಿಗೆ ಬಿಟ್ಟ ಜಾಗ.

ಉಮೇಶ್ ಕೂಡ ನೋಡಿದರು. ಸಿಯಾಟಲ್ ಹತ್ತಿರವಾದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು: “ಅಲ್ಲಿ ಹೇಳಿದ್ಯಲ್ಲ, ತಪ್ಪಿಸ್ಕೊಳ್ಳೋಕೆ ಹೇಳಿದ್ದಾ? ಇಲ್ಲಾ ನಿಜಾನಾ?”

“ನಿಜಾನೇ ಇರ್ಬೇಕು ರೀ. ಸುಳ್ಳು ಹೇಳೋದಕ್ಕೆ ನಂಗೆ ಟೈಮೇ ಇರ್ಲಿಲ್ಲ.”

“ಮತ್ತೆ ನಾನು?”

ಅವರ ಕೈ ಹಿಡಿದುಕೊಂಡೆ. ನನಗೆ ಅವರೂ ಬೇಕಿತ್ತು, ನನ್ನ ಕೆಲಸವೂ ಬೇಕಿತ್ತು. ಎರಡರ ನಡುವೆ ಒಂದು ಸಮುದ್ರವಿತ್ತು, ಅದರ ಮೇಲೆ ಹಳಿ ಹಾಸಲು ಯಾವ ಚಾರ್ಟೂ ನನಗೆ ಹೊಳೆಯಲಿಲ್ಲ. ಎರಡು ದೇಶಗಳ ರೈಲನ್ನು ಅರ್ಧ ಗಂಟೆಯಲ್ಲಿ ಸುಧಾರಿಸಿದವಳು ಮಿಕ್ಕ ದಾರಿಯುದ್ದಕ್ಕೂ ಕೂಜದ ಮುಚ್ಚಳ ಬಿಚ್ಚುತ್ತ ಬಿಗಿಯುತ್ತ ಕೂತಿದ್ದೆ.

ಸ್ಯಾನ್ ಹೊಸೆಗೆ ಬಂದ ಮೂರನೆಯ ದಿನ ಉಮೇಶ್ ಆಫೀಸಿಗೆ ತಡವಾಗಿ ಹೋಗುತ್ತೇನೆಂದು ಹೇಳಿ, ಟ್ರಾವೆಲ್ ಏಜೆಂಟಿಗೆ ಫೋನು ಮಾಡಿದರು. ನಾನು ಒಲೆಯ ಮುಂದೆ ನಿಂತಿದ್ದೆ. ಬೆಂಗಳೂರಿಗೆ, ಒಬ್ಬರಿಗೆ, ಈ ತಿಂಗಳ ಕೊನೆಯೊಳಗೆ ಎನ್ನುವುದು ಕೇಳಿಸಿತು. ಆಮೇಲೆ ಅವರು ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

“ಹೋಗೋದಕ್ಕೆ ಮಾತ್ರಾನಾ, ಬರೋದಕ್ಕೂ ಬೇಕಾ ಅಂತ ಕೇಳ್ತಿದಾನೆ. ಏನ್ ಹೇಳ್ಲಿ?”

ಕೌಂಟರಿನ ಈಚೆ ಕೂತು, ತಲೆ ಕೂಡ ಎತ್ತದೆ, ದಿನಕ್ಕೆ ನೂರು ಸಲ ನಾನು ಕೇಳಿದ ಪ್ರಶ್ನೆ ಅದು. ಎಷ್ಟೋ ಜನ ಉತ್ತರ ಹೇಳದೆ ನಿಂತುಬಿಡುತ್ತಿದ್ದರು. ಬೇಗ ಹೇಳ್ರೀ, ಹಿಂದೆ ಕ್ಯೂ ಇದೆ ಎಂದು ಗದರುತ್ತಿದ್ದೆ. ಉಮೇಶ್ ಗದರಲಿಲ್ಲ. ಅಂಗೈ ಮುಚ್ಚಿಕೊಂಡೇ ಕಾದರು.

“ಹೋಗೋದಕ್ಕೆ ಮಾತ್ರ,” ಎಂದೆ.

ಅವರು ಅದನ್ನು ಫೋನಿಗೆ ಹೇಳಿದರು.