ಬಲ ಅಂಚಿನ ಕಚ್ಚು

ಕಳೆದ ವಾರ ಅಹಮದಾಬಾದಿನ ನವರಂಗಪುರದ ಬಸ್ ಸ್ಟಾಪಿನಲ್ಲಿ ಹುರಿದ ಕಡಲೆಬೀಜ ಕೊಂಡೆ. ಮಾರುವವನ ಹತ್ತಿರ ಸೌಟು ಇರಲಿಲ್ಲ. ಒಂದು ದಪ್ಪ ಕಾಗದದ ಕಾರ್ಡನ್ನು ಬಾಗಿಸಿ ಅದರಲ್ಲೇ ಮೊಗೆದು ಪೊಟ್ಟಣಕ್ಕೆ ಹಾಕುತ್ತಿದ್ದ. ಕಾರ್ಡಿನ ತುಂಬ ಪುಟ್ಟ ಪುಟ್ಟ ತೂತು. ಉಪ್ಪೆಲ್ಲ ಅದರಿಂದ ಸೋರಿ ಅವನ ಕಾಲ ಮೇಲೆ ಬೀಳುತ್ತಿತ್ತು. ಆ ಕಾರ್ಡು ನನಗೆ ಬೇಕು ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇನ್ನೊಂದು ಪೊಟ್ಟಣ ಕೊಂಡರೆ ಕೊಡುತ್ತೇನೆ ಅಂದ. ಕೊಂಡೆ. ಮೂಗಿಗೆ ಹಿಡಿದರೆ ಕಡಲೆಯ ವಾಸನೆಯ ಕೆಳಗೆ ಸಣ್ಣಗೆ ಮಷಿನ್ ಎಣ್ಣೆಯ ವಾಸನೆ. ಹೆಬ್ಬೆರಳು ತಾನಾಗಿಯೇ ಕಾರ್ಡಿನ ಬಲ ಅಂಚಿಗೆ ಹೋಯಿತು. ಅಲ್ಲಿ ಒಂದು ಸಣ್ಣ ಕಚ್ಚು ಇತ್ತು…

ಆರು ವರ್ಷದ ಹಿಂದೆ ನಾನು ಇದೇ ಊರಿನ ಒಂದು ಬಟ್ಟೆ ಮಿಲ್ಲಿನಲ್ಲಿ ಇಂಥ ಕಾರ್ಡುಗಳಿಗೆ ತೂತು ಹಾಕುವ ಕೆಲಸದಲ್ಲಿದ್ದೆ. ಬಿ.ಎಸ್ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮೇಲೆ, ಇಲ್ಲಿಗೆ ವರ್ಗವಾಗಿ ಬಂದಿದ್ದ ರೈಲ್ವೆ ಮಾವ ನನ್ನನ್ನು ಮೈಸೂರಿನಿಂದ ಕರೆಸಿ ಯಾರ್ಯಾರ ಕೈಕಾಲೋ ಹಿಡಿದು ಸೇರಿಸಿದ್ದರು. ಕೆಲಸ ಇಷ್ಟೇ. ಯಾವ ಶೆಡ್ಡಿನ ಯಾವ ಮಗ್ಗ ಎಷ್ಟು ಹೊತ್ತು ನಿಂತಿತ್ತು, ಯಾಕೆ ನಿಂತಿತ್ತು ಎಂದು ಶೆಡ್ಡಿನ ಗುಮಾಸ್ತರು ಚೀಟಿ ಬರೆದು ಕಳಿಸುತ್ತಿದ್ದರು. ನಿಂತ ಕಾರಣಕ್ಕೆ ಒಂದೊಂದು ಅಂಕಿ. ಮೂರು ಎಂದರೆ ನೂಲು ಸರಿಯಿಲ್ಲ, ಏಳು ಎಂದರೆ ನೇಕಾರ ಗೈರುಹಾಜರು. ನಾನು ಅದನ್ನು ಕಾರ್ಡಿಗೆ ಪಂಚ್ ಮಾಡುತ್ತಿದ್ದೆ. ಕಾರ್ಡುಗಳನ್ನು ಲೆಕ್ಕ ಹಾಕುವ ದೊಡ್ಡ ಯಂತ್ರವೊಂದು ಓದಿ, ವಾರಕ್ಕೊಮ್ಮೆ ಪಂಚೆಯಷ್ಟು ಅಗಲದ ರಿಪೋರ್ಟು ಹೊರಗೆ ತಳ್ಳುತ್ತಿತ್ತು. ಇನ್ನು ಮ್ಯಾನೇಜರು ಶೆಡ್ಡಿಗೆ ಹೋಗಬೇಕಿಲ್ಲ, ಶೆಡ್ಡೇ ಅವರ ಮೇಜಿಗೆ ಬರುತ್ತದೆ ಎಂದು ನಮ್ಮ ಇನ್‌ಚಾರ್ಜ್ ಸಾಹೇಬರು ದಿನಕ್ಕೆ ಎರಡು ಸಲ ಹೇಳುತ್ತಿದ್ದರು.

ಸೇರಿದ ಮೊದಲ ದಿನವೇ ನಾನು ಕ್ರಮವಾಗಿ ಜೋಡಿಸಿಟ್ಟ ಎರಡು ಸಾವಿರ ಕಾರ್ಡಿನ ಟ್ರೇಯನ್ನು ನೆಲಕ್ಕೆ ಬೀಳಿಸಿದೆ. ಒಂದು ಕಾರ್ಡು ಫ್ಯಾನಿನ ಗಾಳಿಗೆ ಹಾರಿ ಸಾಹೇಬರ ಚಹಾದೊಳಗೆ ಕೂತಿತು. ಇನ್ನೊಂದು ಸಲ ಜ್ವರ ಬಂದು ಮೂರು ದಿನ ರಜ ಹಾಕಿದವನು, ವಾಪಸ್ ಬಂದು ನನ್ನ ಹೆಸರಿಗೂ ಒಂದು ಕಾರ್ಡು ಪಂಚ್ ಮಾಡಿದೆ. ಮಗ್ಗದ ನಂಬರು ಒಂಬೈನೂರ ತೊಂಬತ್ತೊಂಬತ್ತು, ಮೂರು ದಿನದಿಂದ ರಿಪೇರಿಯಲ್ಲಿದೆ. ಅದು ರಿಪೋರ್ಟಿನಲ್ಲಿ ಅಚ್ಚಾಗಿ ಮ್ಯಾನೇಜರವರೆಗೂ ಹೋಯಿತು. ಇಲ್ಲದ ಮಗ್ಗವನ್ನು ಹುಡುಕಲು ಒಬ್ಬ ಫಿಟ್ಟರು ಸ್ಪ್ಯಾನರ್ ಹಿಡಿದು ಅರ್ಧ ದಿನ ಮಿಲ್ಲೆಲ್ಲ ಸುತ್ತಿದ. ಇಂಥದ್ದಕ್ಕೆಲ್ಲ ನನ್ನನ್ನು ಯಾರೂ ಬೈಯುತ್ತಿರಲಿಲ್ಲ. ನಗುತ್ತಿದ್ದರು. ಅದು ಎಷ್ಟು ಅಪಾಯ ಎಂದು ಆಗ ನನಗೆ ತಿಳಿದಿರಲಿಲ್ಲ.

ನನ್ನ ಪಕ್ಕದ ಯಂತ್ರದಲ್ಲಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು ಕೂರುತ್ತಿದ್ದರು. ಧಾರವಾಡದ ಕಡೆಯವರು, ನಲವತ್ತೈದರ ಆಸುಪಾಸು, ಗಂಡ ತೀರಿಕೊಂಡು ಎಂಟು ವರ್ಷ. ಒಬ್ಬಳೇ ಮಗಳು ವಡೋದರದಲ್ಲಿ, ಫತೇಗಂಜಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಅಕ್ಕನ ಕೆಲಸ ವೆರಿಫೈಯರ್. ಎಂದರೆ ನಾನು ಪಂಚ್ ಮಾಡಿದ ಕಾರ್ಡನ್ನು ಯಂತ್ರಕ್ಕೆ ಕೊಟ್ಟು, ಅದೇ ಚೀಟಿಯನ್ನು ತಾನೂ ಓದಿ ಅದೇ ಅಂಕಿಗಳನ್ನು ಮತ್ತೊಮ್ಮೆ ಒತ್ತುವುದು. ಎರಡೂ ತಾಳೆಯಾದರೆ ಯಂತ್ರ ಕಾರ್ಡಿನ ಬಲ ಅಂಚಿನಲ್ಲಿ ಟಕ್ ಎಂದು ಒಂದು ಕಚ್ಚು ಹಾಕುತ್ತಿತ್ತು. ಆಗದಿದ್ದರೆ ಕೆಂಪು ದೀಪ. ಎರಡು ಜೊತೆ ಕಣ್ಣು ಒಂದೇ ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಅಕ್ಕ ಥೇಪ್ಲಾ ರೊಟ್ಟಿ ಎಂದುಕೊಂಡು ಕೈ ಒರೆಸುವ ಬಟ್ಟೆಯನ್ನು ಮುರಿಯಲು ಹೋದರು. ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಮೆಲ್ಲಗೆ ಹೇಳಿದರು, ಕಣ್ಣಿನ ನರ ಒಣಗುತ್ತಿದೆಯಂತೆ, ಆಪರೇಷನ್ನಿಗೂ ಬಗ್ಗುವುದಿಲ್ಲವಂತೆ. ಮಗಳ ಓದು ಮುಗಿಯಲು ಇನ್ನೊಂದು ವರ್ಷ ಬೇಕು. ಅಲ್ಲಿಯವರೆಗೆ ಇಲ್ಲಿ ಯಾರಿಗೂ ತಿಳಿಯಬಾರದು. ಕೀಲಿಗಳು ಬೆರಳಿಗೆ ಗೊತ್ತು, ಚೀಟಿ ಮಾತ್ರ ಕಾಣುವುದಿಲ್ಲ.

"ತಮ್ಮಾ, ನೀ ಓದು. ನಾ ಒತ್ತತೀನಿ," ಅಂದರು.

ಅವತ್ತಿನಿಂದ ಬೆಳಿಗ್ಗೆ ನನ್ನ ಪಂಚಿಂಗ್ ಮುಗಿಸಿ, ಊಟದ ಮೇಲೆ ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂರತೊಡಗಿದೆ. ಒಂದೊಂದೇ ಕಾರ್ಡು ಕೈಯಿಂದ ಕೊಡಬೇಕಾದ ಹಳೆಯ ಯಂತ್ರ ಅದು. ಕಾರ್ಡು ಕೊಡುತ್ತ, ಚೀಟಿಯ ಅಂಕಿಗಳನ್ನು ಕನ್ನಡದಲ್ಲಿ, ಊರ ಸುದ್ದಿ ಹೇಳುವ ರಾಗದಲ್ಲಿ ಓದುತ್ತಿದ್ದೆ. 'ಅಯ್ಯೋ ಕೇಳಕ್ಕ, ಎರಡು, ನೂರಾ ನಲವತ್ತೊಂದು, ಮೂರಂತೆ, ಪಾಪ, ಐದು ಗಂಟೆ…' ಅಕ್ಕ 'ಹೌದೇನು' ಎನ್ನುತ್ತ ಒತ್ತುತ್ತಿದ್ದರು. ನಿಮ್ಮ ಕನ್ನಡದವರ ಮನೆಗಳಲ್ಲಿ ಇಷ್ಟೊಂದು ಜಗಳವೇ ಎಂದು ಕನ್ನಡ ಬಾರದ ಸಾಹೇಬರು ಒಮ್ಮೆ ನಿಜವಾಗಿ ಮರುಕಪಟ್ಟರು.

ಗುಮಾಸ್ತರ ಕೈಬರಹ ಓದುವುದು ಮಾತ್ರ ನರಕ. ನಾನು ಸೋಮಾರಿ. ತಿಂಗಳೊಳಗೆ ಕಾರ್ಡಿನ ತೂತು ನೋಡಿಯೇ ಅಂಕಿ ಹೇಳಲು ಕಲಿತುಬಿಟ್ಟೆ. ಚೀಟಿ ನನ್ನ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ನಾನು ಓದುತ್ತಿದ್ದದ್ದು ನಾನೇ ಮಾಡಿದ ತೂತುಗಳನ್ನು. ಕಾರ್ಡಿಗೆ ಕಾರ್ಡೇ ಸಾಕ್ಷಿ. ಕೆಂಪು ದೀಪ ಹತ್ತುವುದೇ ನಿಂತಿತು. ನನ್ನ ಕೈಯಲ್ಲಿ ಈಗ ತಪ್ಪೇ ಆಗುವುದಿಲ್ಲವೆಂದು ಸಾಹೇಬರು ಬೆನ್ನು ತಟ್ಟಿದರು. ನಾನು ನಾಚಿಕೆಯಿಲ್ಲದೆ ತಟ್ಟಿಸಿಕೊಂಡೆ.

ಉತ್ತರಾಯಣದ, ಎಂದರೆ ಇಲ್ಲಿನ ಸಂಕ್ರಾಂತಿಯ, ಮರುದಿನ. ಹಿಂದಿನ ದಿನವೆಲ್ಲ ಛಾವಣಿಯ ಮೇಲೆ ನಿಂತು, ಒಂದು ಗಾಳಿಪಟವನ್ನೂ ನೆಟ್ಟಗೆ ಹಾರಿಸಲಾಗದೆ, ಬೇರೆಯವರ ಗಾಳಿಪಟ ನೋಡಿ ನೋಡಿಯೇ ಕುತ್ತಿಗೆ ಹಿಡಿದಿತ್ತು. ಒಂದನೇ ಶೆಡ್ಡಿನ ಹಿಂದಿನ ದಿನದ ಚೀಟಿಗಳ ಕಟ್ಟಿನಲ್ಲಿ ಅರ್ಧಕ್ಕರ್ಧ ನೇಕಾರರು ಗಾಳಿಪಟದ ಹಬ್ಬಕ್ಕೆ ಗೈರುಹಾಜರು. ಏಳು, ಏಳು, ಏಳು. ಅದೇ ಲಯದಲ್ಲಿ ತೂಕಡಿಸುತ್ತ ಎರಡನೇ ಶೆಡ್ಡಿನ ಇಡೀ ಕಟ್ಟಿಗೂ ಏಳನ್ನೇ ಒತ್ತಿದೆ. ಅಲ್ಲಿನ ಚೀಟಿಗಳಲ್ಲಿ ಇದ್ದದ್ದು ಮೂರು. ಮಧ್ಯಾಹ್ನ ಅಕ್ಕನಿಗೆ ಏಳೆಂದೇ ಓದಿದೆ. ಕಾರ್ಡಿಗೊಂದು ಕಚ್ಚು ಬಿತ್ತು.

ರಿಪೋರ್ಟು ನೋಡಿದ ಮ್ಯಾನೇಜರು ಎರಡನೇ ಶೆಡ್ಡಿನ ಜಾಬರನನ್ನು, ಎಂದರೆ ಮಗ್ಗಗಳ ಮೇಸ್ತ್ರಿಯನ್ನು, ಅವನ ಜನರ ಎದುರಿಗೇ ನಿಲ್ಲಿಸಿ ಬೈದರಂತೆ. ಹಬ್ಬ ಬಿಟ್ಟು ಬಂದು ಕೊಳೆತ ನೂಲಿನ ಜೊತೆ ಗುದ್ದಾಡಿದವರು ಅವರು. ಶೆಡ್ಡು ಕೆಲಸ ನಿಲ್ಲಿಸಿ ಕೂತಿತು. ಜಾಬರ ತನ್ನ ಚೀಟಿಗಳ ನಕಲು ಹಿಡಿದು ನೇರ ನಮ್ಮ ಕೋಣೆಗೇ ಬಂದ.

ಸಾಹೇಬರು ಒಂದು ಕೈಯಲ್ಲಿ ಚೀಟಿ, ಒಂದು ಕೈಯಲ್ಲಿ ಕಾರ್ಡು ಹಿಡಿದು ಅಕ್ಕನ ಮುಂದೆ ನಿಂತರು. ಪಂಚ್ ಮಾಡುವವನು ತಪ್ಪುತ್ತಾನೆ, ಅದಕ್ಕೇ ನೀವಿರುವುದು ಬೆಹನ್, ಇಷ್ಟು ಕಾರ್ಡಿಗೂ ಕಚ್ಚು ಹೇಗೆ ಬಂತು ಎಂದು ಕೇಳಿದರು. ಒಂದು ಚೀಟಿ ಕೊಟ್ಟು ಓದಿ ಅಂದರು. ಅಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿದರು. ತಲೆಕೆಳಗಾಗಿ ಹಿಡಿದಿದ್ದರು… ಕೋಣೆಯಲ್ಲಿದ್ದವರಿಗೆಲ್ಲ ಅದು ಕಂಡಿತು. ಅಕ್ಕ ಚೀಟಿ ಮಡಚಿ ವಾಪಸ್ ಕೊಟ್ಟು, ಕಚ್ಚು ನನ್ನದು, ತಪ್ಪೂ ನನ್ನದೇ ಎಂದು ಹಿಂದಿಯಲ್ಲಿ ಹೇಳಿದರು. ನನ್ನ ಹೆಸರು ಎತ್ತಲೇ ಇಲ್ಲ.

ನಾನು ಎದ್ದು ನಿಂತೆ. ಓದಿ ಹೇಳುತ್ತಿದ್ದವನು ನಾನು, ಚೀಟಿ ನೋಡದೆ ತೂತು ನೋಡಿ ಓದಿದವನೂ ನಾನೇ ಎಂದೆ. ಸಾಹೇಬರು ನನ್ನ ಕಡೆ ತಿರುಗಿದರು. ಆಮೇಲೆ, ಬಂತು ನೋಡಿ ನಂಬರು ಒಂಬೈನೂರ ತೊಂಬತ್ತೊಂಬತ್ತು ಎಂದು ನಕ್ಕರು. ಎಲ್ಲರೂ ನಕ್ಕರು. ತೂತು ನೋಡಿ ಅಂಕಿ ಓದುತ್ತಾನಂತೆ! ಇನ್ನೊಮ್ಮೆ ಹೇಳಬೇಕಿತ್ತು. ಒಂದು ಕಾರ್ಡು ಎತ್ತಿ ಅಲ್ಲೇ ಓದಿ ತೋರಿಸಬೇಕಿತ್ತು. ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ನಗು. ಅಭ್ಯಾಸ…

ಅಕ್ಕನಿಗೆ ಆ ವಾರವೇ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಅವರು ವಡೋದರಕ್ಕೆ ಮಗಳ ಹತ್ತಿರ ಹೋದರು. ನಾನು ಫತೇಗಂಜಿಗೆ ಹೋಗುವ ಧೈರ್ಯ ಮಾಡಿದ್ದು ಏಳು ತಿಂಗಳ ಮೇಲೆ. ಒಂದೇ ಕೋಣೆಯ ಬಾಡಿಗೆ ಮನೆ. ಮಗಳು ಓದು ಬಿಟ್ಟು ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು. ನನಗೆ ನೀರು ತಂದಿಟ್ಟು ಬಸ್ಸಿಗೆ ಓಡಿದಳು. ನಾನು ಬಾಯಿಬಿಡುವವರೆಗೆ ಅಕ್ಕನಿಗೆ ಬಂದವರು ಯಾರೆಂದು ತಿಳಿಯಲಿಲ್ಲ. ನಾನು ಮಾತಾಡತೊಡಗಿದ ಕೂಡಲೇ ಅವರ ಬಲಗೈ ಬೆರಳುಗಳು ಮಂಡಿಯ ಮೇಲೆ ಅಲುಗಿದವು. ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ನಗದೆ.

"ಗೊತ್ತಿತ್ತಪಾ," ಅಂದರು ಅಕ್ಕ. "ಮೊದಲ ನೀ ಭಾಳ ತಡವರಸ್ತಿದ್ದಿ. ಆಮ್ಯಾಲ ನೀರು ಕುಡದಂಗ ಓದಲಿಕ್ಕೆ ಹತ್ತಿದಿ. ಆ ಗುಮಾಸ್ತರ ಅಕ್ಷರ ಯಾರಿಗೂ ಹಂಗ ಓದಲಿಕ್ಕೆ ಬರೂದಿಲ್ಲ."

"ಮತ್ತೆ ಯಾಕಕ್ಕ ಕೇಳ್ಲಿಲ್ಲ?"

"ಕೇಳಿದ್ರ ನೀ ನಾಚಿಕೊಂಡು ಬರೂದ ಬಿಟ್ಟಿದ್ರ? ನನಗ ಒಂದ ವರ್ಷ ಬೇಕಾಗಿತ್ತು, ತಮ್ಮಾ."

ಹೊರಡುವಾಗ ತಲೆ ಸವರಿ, ಮುಂದಿನ ಸಲ ಬಂದಾಗ ಒಂದು ಕನ್ನಡ ಪುಸ್ತಕ ತಂದು ಓದು, ನೋಡಿಕೊಂಡು ಓದು ಅಂದರು. ತರುತ್ತೇನೆ ಅಂದೆ. ಪುಸ್ತಕವನ್ನೂ ಕೊಂಡಿದ್ದೆ. ಇವತ್ತು ನಾಳೆ ಎನ್ನುತ್ತ ವರ್ಷಗಳೇ ಉರುಳಿ, ಹೋದ ಚಳಿಗಾಲದಲ್ಲಿ ಮಗಳ ಅಂಚೆ ಕಾರ್ಡು ಬಂತು. ಕನ್ನಡ ಬರೆಯಲು ಬಾರದ ಹುಡುಗಿ ಹಿಂದಿಯಲ್ಲಿ ಎರಡು ಸಾಲು ಬರೆದಿದ್ದಳು. ಅಮ್ಮ ತೀರಿಕೊಂಡರು ಎಂಬ ಎರಡನೆಯ ಸಾಲನ್ನು ನಾನು ಬಹಳ ಹೊತ್ತು ತಡವರಿಸಿ ಓದಿದೆ.

ಕಳೆದ ವಾರ ಬಸ್ ಸ್ಟಾಪಿನಲ್ಲಿ ಉಪ್ಪು ಕೊಡವಿ ಕಾರ್ಡನ್ನು ಬೆಳಕಿಗೆ ಹಿಡಿದೆ. ತೂತುಗಳು ಇನ್ನೂ ಓದಲು ಬರುತ್ತವೆ. ನಾಲ್ಕು, ಎಪ್ಪತ್ತಾರು, ಮೂರು, ಎರಡು ಗಂಟೆ… ಊರ ಸುದ್ದಿಯ ರಾಗದಲ್ಲಿ ಗಟ್ಟಿಯಾಗಿಯೇ ಓದಿಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗರು ನಕ್ಕರು. ಈ ಸಲ ನನಗೆ ನಗು ಬರಲಿಲ್ಲ. ನಾನು ಓದಿದ್ದು ಸರಿಯೋ ತಪ್ಪೋ, ಒತ್ತಿ ನೋಡುವ ಬೆರಳುಗಳು ಇರಲಿಲ್ಲ.