ಹುಣಸೆಹಣ್ಣು ಕಂಡ ಸ್ಪೆಕ್ಟ್ರೋಸ್ಕೋಪು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆ ಶನಿವಾರವಂತೂ ಅದಕ್ಕೆ ಲಗಾಮೇ ಇರಲಿಲ್ಲ.

ನೆದರ್ಲೆಂಡ್ಸಿನ ಲೈಡನ್‌ನಲ್ಲಿ ನಾನು ವಿಜ್ಞಾನದ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಪ್ರಬಂಧದ ನಾಯಕ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಸಾಹುಕಾರ. ಹತ್ತಿ ಗಿರಣಿಗಳ ಒಡೆಯ, ಪಾರ್ಲಿಮೆಂಟಿನ ಸದಸ್ಯ. ಆದರೆ ಜೀವವೆಲ್ಲ ವಿಜ್ಞಾನದ ಮೇಲೆ. ಮನೆಯ ಹಿಂದೆ ಪ್ರಯೋಗಶಾಲೆ ಕಟ್ಟಿಸಿಕೊಂಡಿದ್ದ. ಪಾರ್ಲಿಮೆಂಟಿನಲ್ಲಿ ಸುಂಕದ ಚರ್ಚೆ ಜೋರಾಗಿ ನಡೆಯುತ್ತಿದ್ದರೆ, ಈ ಮಹಾಶಯ ಎದ್ದು ರೈಲು ಹಿಡಿದು ಮನೆಗೆ ಬಂದು, ಉಪ್ಪು ಉರಿಸಿ ಅದರ ಬೆಳಕು ನೋಡುತ್ತ ಕೂರುತ್ತಿದ್ದ. ಅವನ ಗಿರಣಿಯ ಬಟ್ಟೆ ನಮ್ಮ ಕಡೆಯ ಸಂತೆಗಳಿಗೂ ಬಂದು ನೇಕಾರರ ಹೊಟ್ಟೆಯ ಮೇಲೆ ಹೊಡೆದಿತ್ತೋ ಏನೋ ಎಂದು ಒಮ್ಮೊಮ್ಮೆ ಮೈ ಉರಿಯುತ್ತದೆ. ಆದರೂ ಮೂರು ವರ್ಷ ಅವನ ನೋಟ್‌ಬುಕ್ಕುಗಳನ್ನೇ ಓದಿ ಓದಿ ಒಂಥರಾ ಮಮತೆ ಬೆಳೆದುಬಿಟ್ಟಿದೆ. ಏನು ಮಾಡೋದು!

ಅವನು ಬಳಸಿದ ಸ್ಪೆಕ್ಟ್ರೋಸ್ಕೋಪು, ಅಂದರೆ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ಹಿತ್ತಾಳೆಯ ಯಂತ್ರ, ಇದೇ ಊರಿನ ಒಬ್ಬ ನಿವೃತ್ತ ಫಿಸಿಕ್ಸ್ ಮೇಷ್ಟ್ರ ಮನೆಯಲ್ಲಿತ್ತು. ಅವರ ಅಜ್ಜ ಯಾವುದೋ ಹರಾಜಿನಲ್ಲಿ ಕೊಂಡದ್ದಂತೆ. ಎರಡು ವರ್ಷ ಕಾಡಿ ಬೇಡಿದ ಮೇಲೆ, ಅಳತೆ ತೆಗೆದುಕೊಳ್ಳಲು ಒಂದು ವಾರದ ಮಟ್ಟಿಗೆ ಕೊಟ್ಟಿದ್ದರು. ಹೇಗಿದೆಯೋ ಹಾಗೇ ವಾಪಸ್ ಬರಬೇಕು ಎಂಬುದೊಂದೇ ಷರತ್ತು. ಭಾನುವಾರ ಮೂರು ಗಂಟೆಗೆ ಬಂದು ಒಯ್ಯುತ್ತೇನೆ ಎಂದು ಡೈರಿಯಲ್ಲಿ ಬರೆದುಕೊಂಡೂ ಇದ್ದರು.

ಆಗ ತುಮಕೂರಿನಿಂದ ನನ್ನ ತಾಯಿ, ಅಮ್ಮಿ, ಬಂದಿದ್ದರು. ಶನಿವಾರ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಆ ಯಂತ್ರ ಮದುವಣಗಿತ್ತಿಯ ಹಾಗೆ ಥಳಥಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಹುಣಸೆಹಣ್ಣು ಕಿವುಚಿದ ಬಟ್ಟಲು. ಮೇಲಿದ್ದ ಕಂದು ವಾರ್ನಿಷ್ಷಿನ ಗುರುತೂ ಇಲ್ಲ.

"ಗಾಜಿಗೆ ನೀರು ತಾಕಿಸಿಲ್ಲ ಕಣೇ, ಬಟ್ಟೆ ಸುತ್ತಿದ್ದೆ," ಎಂದರು ಅಮ್ಮಿ ಹೆಮ್ಮೆಯಿಂದ. "ಬೇರೆಯವರ ಸಾಮಾನು. ಈ ಥರ ಕರ್ರಗೆ ವಾಪಸ್ ಕೊಟ್ರೆ ಏನಂದ್ಕೋತಾರೆ?"

ನಮ್ಮ ಮೊಹಲ್ಲಾದ ಪದ್ಧತಿ ಅದು. ಮದುವೆಗೆ ಎರವಲು ತಂದ ಪಾತ್ರೆಯನ್ನು ತಂದದ್ದಕ್ಕಿಂತ ಹೊಳಪಾಗಿ ತಿಕ್ಕದೆ ಹಿಂದಿರುಗಿಸಿದರೆ ಮನೆತನದ ಮರ್ಯಾದೆಯೇ ಹೋದಂತೆ. ಇದು ಗೊತ್ತಿದ್ದೂ, ಒಂದು ಮಾತು ಹೇಳದೆ, ಯಂತ್ರವನ್ನು ಮೇಜಿನ ಮೇಲೆ ಬಿಟ್ಟು ಹೋದವಳು ನಾನು. ತಪ್ಪು ನನ್ನದು, ಕಿರುಚಿದ್ದು ಅವರ ಮೇಲೆ. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ನಾವು ಜಗಳವಾಡುವುದು ಮಾತ್ರ ಕನ್ನಡದಲ್ಲಿ.

"ನೂರೈವತ್ತು ವರ್ಷದ್ದು ಅಮ್ಮಿ! ಮೇಲಿರೋ ಆ ಬಣ್ಣಾನೇ ಅದರ ಜೀವ. ಇನ್ನು ಆ ಮನುಷ್ಯ ನನ್ನ ಮುಖ ನೋಡ್ತಾರಾ? ನನ್ನ ಥೀಸಿಸ್ ಮಣ್ಣುಪಾಲಾಯ್ತು. ನಿಮ್ಮನ್ನ ಯಾಕಾದ್ರೂ ಕರೆಸ್ಕೊಂಡ್ನೋ!"

ಅಮ್ಮಿ ಕೈ ತೊಳೆದುಕೊಂಡು ಅಡುಗೆಮನೆಗೆ ಹೋದರು. ಸಂಜೆ ನನ್ನ ಪಾಲಿನ ಊಟವನ್ನು ಮೇಜಿನ ಮೇಲಿಟ್ಟು, ಬಾ ಎಂದೂ ಕರೆಯದೆ ಕೋಣೆ ಸೇರಿಕೊಂಡರು.

ನಾನು ಲ್ಯಾಪ್‌ಟಾಪ್ ತೆರೆದು ಸಾಹುಕಾರನ ನೋಟ್‌ಬುಕ್ಕುಗಳ ಸ್ಕ್ಯಾನುಗಳನ್ನು ಜಾಲಾಡತೊಡಗಿದೆ. ಅಮ್ಮಿ ಕಿತ್ತದ್ದು ಅವನ ಕಾಲದ ವಾರ್ನಿಷ್ಷೋ, ಆಮೇಲೆ ಯಾರೋ ಹಚ್ಚಿದ್ದೋ ಎಂಬುದಷ್ಟೇ ನನಗೆ ಗೊತ್ತಾಗಬೇಕಿತ್ತು. ಭಾನುವಾರ ಬೆಳಿಗ್ಗೆ, ನಾನು ಯಾವಾಗಲೂ ಹಾರಿಸಿಬಿಡುತ್ತಿದ್ದ ಮನೆವಾರ್ತೆಯ ಪುಟದಲ್ಲಿ ಉತ್ತರ ಸಿಕ್ಕಿತು. ಅವನ ಮನೆಯ ಕೆಲಸದಾಕೆ ಇದೇ ಯಂತ್ರವನ್ನು ವಿನೆಗರ್ ಮತ್ತು ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ತಯಾರಕರು ಹಚ್ಚಿದ್ದ ಮೆರುಗನ್ನೆಲ್ಲ ಎಬ್ಬಿಸಿಬಿಟ್ಟಿದ್ದಳು! ಯಾ ಅಲ್ಲಾ! ಕುರ್ಚಿಯಲ್ಲೇ ಒಮ್ಮೆ ಕುಣಿದೆ. ಮರುಕ್ಷಣವೇ ಅನುಮಾನ: ಅವನೇ ಮತ್ತೆ ಹಚ್ಚಿಸಿದ್ದರೆ? ಮೂರು ಗಂಟೆಯವರೆಗೂ ಉಳಿದ ಪುಟಗಳನ್ನು ತಿರುವುತ್ತಲೇ ಇದ್ದೆ.

ಮೇಷ್ಟ್ರು ಮೂರಕ್ಕೆ ಸರಿಯಾಗಿ ಬೆಲ್ ಒತ್ತಿದರು. ಅವರು ಕೋಟು ಬಿಚ್ಚುವ ಮೊದಲೇ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ನೋಟ್‌ಬುಕ್ಕಿನ ಪುಟವನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಆ ಕಂದು ಬಣ್ಣ ಬಳಿದವನು ನಾನು," ಎಂದರು ಕೊನೆಗೆ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ. "ಕಾಲೇಜು ಹುಡುಗ ಆಗಿದ್ದಾಗ, ಬಾಗಿಲಿಗೆ ಹಚ್ಚೋ ವಾರ್ನಿಷ್ ಬಳಿದೆ. ಅದಕ್ಕೆ ಮುಂಚೆ ಬರೀ ಹಿತ್ತಾಳೆ ಇತ್ತು. ಅಪ್ಪ ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದರು. ತೆಗೆಯೋಕೆ ಹೋಗಿ ಇನ್ನಷ್ಟು ಕೆಡಿಸ್ತೀನೇನೋ ಅಂತ ಇಷ್ಟು ವರ್ಷ ಮುಟ್ಟಿರಲಿಲ್ಲ."

ಹೋದ ಜೀವ ಬಂದಂತಾಯಿತು. ಧೊಪ್ಪನೆ ಕುಳಿತು ನಗತೊಡಗಿದೆ. ಮೇಷ್ಟ್ರೂ ನಕ್ಕರು. ಸದ್ದು ಕೇಳಿ ಅಮ್ಮಿ ಚಹಾ ಹಿಡಿದು ಬಂದರು.

"ಏನಂತೆ?"

"ಏನೂ ಹಾಳಾಗಿಲ್ಲ ಅಮ್ಮಿ! ಆ ಸಾಹುಕಾರನ ಮನೇಲೂ ಒಬ್ಬಳು ಕೆಲಸದವಳು ನಿಮ್ಮ ಥರಾನೇ ತಿಕ್ಕಿಟ್ಟಿದ್ದಳಂತೆ."

"ಆಮೇಲೆ ಅವಳನ್ನ ಏನ್ ಮಾಡ್ದ?"

ಆ ಸಾಲಿನ ಉಳಿದ ಅರ್ಧವನ್ನೂ ನಾನು ಓದಿದ್ದೆ. ನನ್ನ ವಾದಕ್ಕೆ ಬೇಕಿರಲಿಲ್ಲವೆಂದು ಬಿಟ್ಟುಬಿಟ್ಟಿದ್ದೆ. "ಅವತ್ತೇ ಕೆಲಸದಿಂದ ತೆಗೆದು ಕಳಿಸಿಬಿಟ್ಟ," ಎಂದೆ.

"ಹೆಸರೇನಂತೆ ಅವಳದು?"

"ಬರೆದಿಲ್ಲ."

"ಅಷ್ಟೊಂದು ಬುಕ್ಕು ತುಂಬಿಸಿದೋನಿಗೆ ಅವಳ ಹೆಸರು ಬರೆಯೋಕೆ ಮಸಿ ಸಾಲ್ಲಿಲ್ವಾ?"

ಮೇಷ್ಟ್ರ ಎದುರಿಗೇ ಅಮ್ಮಿಯ ಕೈ ಹಿಡಿದುಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಿನ್ನೆ ಹಾಗೆ ಅನ್ನಬಾರದಿತ್ತು. ತಪ್ಪಾಯ್ತು ಅಮ್ಮಿ."

"ನಿನ್ನೇನೇ ಊರಿಗೆ ಹೊರಟುಬಿಡೋಣ ಅನ್ನಿಸ್ತು," ಎಂದರು ಅಮ್ಮಿ. "ಆದ್ರೆ ಟಿಕೆಟ್ ಮಾಡ್ಸೋಕೂ ನಿನ್ನನ್ನೇ ಕೇಳ್ಬೇಕಿತ್ತಲ್ಲ."

ನಾನು ನಗುತ್ತಲೇ ಅತ್ತುಬಿಟ್ಟೆ.