ಬಂಡೆಯ ಮೇಲಿನ ಮೂರು ಮರಿಗಳು

ಮೊನ್ನೆ ಸೊಸೆ ಅಡುಗೆಕಟ್ಟೆಯ ಮೇಲೆ ವಿನೆಗರ್ ಸುರಿದು ಕಲೆ ಉಜ್ಜುತ್ತಿದ್ದಳು. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟವನ್ನು ಅಲ್ಲೇ ಇಟ್ಟು ಹೊರಗೆ ಬಂದುಬಿಟ್ಟೆ. "ಯಾಕೆ ಮಾವ, ಕಾಫಿ ಚೆನ್ನಾಗಿಲ್ವಾ?" ಎಂದಳು. ಫೋಟೊ ತೊಳೆಯುವ ಕತ್ತಲೆಕೋಣೆಯಲ್ಲಿ ಇಂಥದೇ ವಾಸನೆ ಇರುತ್ತಿತ್ತು. ಆ ಕೋಣೆಯ ಒಡೆಯರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವರ ಮೇಲಿನ ಸಿಟ್ಟು ಮಾತ್ರ ಇದ್ದಲ್ಲೇ ಇದೆ. ಇಷ್ಟು ಸಿಟ್ಟಿದ್ದರೂ ಅವರನ್ನು 'ಅವನು' ಎನ್ನಲು ಇಂದಿಗೂ ನನಗೆ ಬಾಯಿ ಬರುವುದಿಲ್ಲ. ಅದಕ್ಕೂ ಸಿಟ್ಟೇ.

ನಾನು ಹಾವೇರಿ ಕಡೆಯವನು. ಎಂಬತ್ತರ ದಶಕದ ಮೊದಲಲ್ಲಿ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಬಂದೆ. ತಮಿಳು ಬರದು, ತೆಲುಗು ಬರದು, ನನ್ನ ಕನ್ನಡ ಕೇಳಿದರೆ ಜನ ನಗುತ್ತಿದ್ದರು. ಗುರುತಿನ ಚೀಟಿಗೆಂದು ಫೋಟೊ ತೆಗೆಸಲು ಆಂಡರ್ಸನ್‌ಪೇಟೆಯ ಒಂದು ಸ್ಟುಡಿಯೋಗೆ ಹೋದಾಗ ಗೋಡೆಯ ಮೇಲೆ ಕತ್ತೆಯ ಚಿತ್ರವೊಂದನ್ನು ನೋಡಿದೆ. ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬ, ಅದರ ಬುಡದಲ್ಲಿ ಮರಿಗೆ ಹಾಲೂಡಿಸುತ್ತ ನಿಂತ ಕತ್ತೆ. ಅಷ್ಟೇ. ದಿನಾ ಕಾಣುವ ಕತ್ತೆ... ಆದರೆ ಅಲ್ಲಿಯವರೆಗೂ ನಾನು ಕತ್ತೆಯನ್ನು ನೋಡಿಯೇ ಇರಲಿಲ್ಲ ಅನಿಸಿತು. ಯಾರು ತೆಗೆದದ್ದೆಂದು ಕೇಳಿದೆ.

"ನಾನೇ ತಂಬಿ. ಮನುಷ್ಯರ್ನ ತೆಗ್ಯೋದು ಒಟ್ಟೆಪಾಡಿಗೆ. ಇದು ನನ್ಗೆ," ಎಂದರು.

ಅವರಿಗೆ ಆಗಲೇ ಐವತ್ತು ದಾಟಿತ್ತು. ಅಂದಿನಿಂದ ಅವರು ನನಗೆ ಅಣ್ಣ, ನಾನು ಅವರಿಗೆ ತಂಬಿ. ಭಾನುವಾರ ಬಂತೆಂದರೆ ಎರಡು ಸೈಕಲ್ಲುಗಳು. ಉರಿಗಾಂನ ಕಾರ್ಮಿಕರ ಮನೆಗಳ ಹಿಂದೆ ಮೇಯುವ ಮೇಕೆಗಳು, ಕೆರೆಯಂಗಳದಲ್ಲಿ ಎಮ್ಮೆಯ ಬೆನ್ನೇರಿ ಕೂತ ಬೆಳ್ಳಕ್ಕಿ, ಬೇಲಿ ದಾಟುವ ಮುಂಗುಸಿ. ಕ್ಯಾಮೆರಾ ಕೈಗೆ ಕೊಡುವ ಮೊದಲು ಅವರು ನನಗೆ ಮೊಣಕಾಲೂರಿ ಕೂರುವುದನ್ನು ಕಲಿಸಿದರು. ಗಾಳಿ ಯಾವ ಕಡೆಗೆ ಬೀಸುತ್ತದೆಂದು ಮಣ್ಣು ತೂರಿ ನೋಡುವುದನ್ನು ಕಲಿಸಿದರು. ಒಮ್ಮೆ ಗೀಜಗನ ಗೂಡಿಗೆ ಅಡ್ಡ ಬಂದ ಜಾಲಿಯ ಕೊಂಬೆಯನ್ನು ಮುರಿಯಹೋದಾಗ ನನ್ನ ಕೈ ಮೇಲೆ ಪಟ್ಟನೆ ಹೊಡೆದರು.

"ಅದರ ಮನೆ ಅದು. ನಾವ್ ಬಂದಿದ್ದೇ ಅದ್ಕೆ ಗೊತ್ತಾಗ್ಬಾರ್ದು."

ಆ ಮಾತನ್ನು ನಾನು ದೇವರ ಮಾತಿನಂತೆ ನಂಬಿದ್ದೆ. ನನ್ನ ಸಿಟ್ಟಿನ ಬೇರು ಇರುವುದೇ ಅಲ್ಲಿ.

ನಾಲ್ಕೈದು ವರ್ಷ ಕಳೆದಿರಬೇಕು. ಅಷ್ಟರಲ್ಲಿ ನಾನೂ ರಷ್ಯಾದ ಹಳೆಯ ಕ್ಯಾಮೆರಾವೊಂದನ್ನು ಕೊಂಡು ಒಬ್ಬನೇ ತಿರುಗತೊಡಗಿದ್ದೆ. ಬಂಗಾರಪೇಟೆಯಿಂದ ಬಸ್ಸು ಹತ್ತಿ ಬೂದಿಕೋಟೆಯ ಆಚೆ ಇಳಿದರೆ ಕಲ್ಲುಬೆಟ್ಟಗಳು. ಅಲ್ಲಿ ಕುರಿ ಮೇಯಿಸುವ ಒಬ್ಬ ಅಜ್ಜಿಯ ಪರಿಚಯವಾಯಿತು. ಅವಳ ಕುರಿಗಳ ಚಿತ್ರ ತೆಗೆದು, ಮುಂದಿನ ಸಲ ಹೋದಾಗ ಅವಳ ಕೈಗಿತ್ತೆ. ಅವಳು ಒಂದೊಂದು ಕುರಿಯನ್ನೂ ಬೆರಳಿಟ್ಟು ಗುರುತಿಸಿದಳು. ಆ ನಂಬಿಕೆಯ ಮೇಲೆಯೇ ಶಿವರಾತ್ರಿ ಕಳೆದ ಒಂದು ಮುಂಜಾನೆ ನನ್ನನ್ನು ಬೆಟ್ಟದ ಹಿಂಬದಿಗೆ ಕರೆದೊಯ್ದು ದೂರದ ಒಂದು ಗವಿಯನ್ನು ತೋರಿಸಿದಳು. ಅದರ ಬಾಯಲ್ಲಿ ತೋಳವೊಂದು ಮಲಗಿತ್ತು. ಹೊಟ್ಟೆಗೊತ್ತಿಕೊಂಡು ಮೂರು ಮರಿಗಳು.

"ವರ್ಸಕ್ಕೆ ಒಂದ್ ಕುರಿಮರಿ ಎತ್ಕಂಡ್ ಓದ್ರೆ ಓಗ್ಲಿ, ಅದ್ಕೂ ಮಕ್ಳವೆ. ಊರ್ನೋರ್ಗೆ ಗೊತ್ತಾದ್ರೆ ಬಿಡಾಕಿಲ್ಲ. ಯಾರ್ಗೂ ಏಳ್ಬ್ಯಾಡ ಕಣ್ಲಾ."

"ಇಲ್ಲಜ್ಜಿ, ಹೇಳೂದಿಲ್ಲ," ಎಂದು ಅವಳ ಕೈ ಹಿಡಿದು ಮಾತು ಕೊಟ್ಟೆ.

ಹೇಳಿದೆ. ಬೇರೆ ಯಾರಿಗೂ ಅಲ್ಲ, ಅಣ್ಣನಿಗೆ. ನನ್ನ ಕ್ಯಾಮೆರಾಕ್ಕೆ ದೂರದ್ದು ಸರಿಯಾಗಿ ಸಿಗುತ್ತಿರಲಿಲ್ಲ. ಅಂದು ತೆಗೆದ ಚಿತ್ರದಲ್ಲಿ ತೋಳವೆಂದರೆ ಒಂದು ಬೂದು ಚುಕ್ಕೆ, ಮರಿಗಳು ಬರೀ ಮಸುಕು. ಆದರೂ ಗುರುವಿಗಿಂತ ಮೊದಲೇ ನಾನು ಕಂಡೆನೆಂಬ ಜಂಬ. ಅವರು ಕನ್ನಡಕ ಹಣೆಗೇರಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲಿ ಎಂದು ಕೇಳಿದರು. ಅಜ್ಜಿಗೆ ಕೊಟ್ಟ ಮಾತನ್ನೂ ಹೇಳಿ, ಗವಿಯ ದಾರಿಯನ್ನು ಕಾಗದದ ಮೇಲೆ ನಾನೇ ಬರೆದು ಕೊಟ್ಟೆ. "ಬರೋ ಭಾನ್ವಾರ ಇಬ್ರೂ ಒಟ್ಗೆ ಓಗೋಣ," ಎಂದರು. ಭಾನುವಾರದವರೆಗೆ ಅವರು ಕಾಯಲಿಲ್ಲ.

ಆ ಭಾನುವಾರ ಸ್ಟುಡಿಯೋಗೆ ಬೀಗ ಬಿದ್ದಿತ್ತು. ಒಬ್ಬನೇ ಬಸ್ಸು ಹತ್ತಿದೆ. ಬೆಟ್ಟದ ಬುಡದಲ್ಲಿ ಅಜ್ಜಿ ಕುರಿಗಳ ನಡುವೆ ನಿಂತಿದ್ದಳು. ನನ್ನನ್ನು ಕಂಡವಳೇ ಕಲ್ಲೆತ್ತಿಕೊಂಡಳು. ಮೊದಲ ಕಲ್ಲು ನನ್ನ ಭುಜಕ್ಕೆ ಬಿತ್ತು.

"ನಿನ್ನನ್ನ ಮಗ ಅಂದ್ಕಂಡಿದ್ನಲ್ಲೋ! ಇನ್ನೊಂದ್ ಕಿತ ಈ ಕಡೆ ಕಾಣ್ಸ್ಕಂಡ್ರೆ ತಲೆ ಒಡೀತೀನಿ, ಓಗ್!"

ನಡೆದದ್ದನ್ನು ಅವಳು ಅಳುತ್ತಲೇ ಬೈದು ಹೇಳಿದಳು. ಬುಧವಾರ ಕನ್ನಡಕದವನೊಬ್ಬ ಕ್ಯಾಮೆರಾ ಹೊತ್ತು ಬಂದಿದ್ದನಂತೆ. ಗವಿಯ ಹಿಂದಿನ ಸಂದಿಗೆ ಒಣಹುಲ್ಲು ತುರುಕಿ ಬೆಂಕಿ ಹಚ್ಚಿದನಂತೆ. ತಾಯಿ ಬೇಟೆಗೆ ಹೋಗಿತ್ತು. ಮರಿಗಳು ಉಸಿರುಗಟ್ಟಿ ಹೊರಬಂದು ಬಂಡೆಯ ಮೇಲೆ ನಿಂತವು. ಅವನು ಬೇಕಾದಷ್ಟು ಚಿತ್ರ ತೆಗೆದುಕೊಂಡು ಇಳಿದು ಹೋದನಂತೆ. ಹೊಗೆ ಕಂಡು ಹೊಲಗಳಿಂದ ಜನ ದೊಣ್ಣೆ ಹಿಡಿದು ಹತ್ತಿದರು. ಮೂರರಲ್ಲಿ ಒಂದೂ ಉಳಿಯಲಿಲ್ಲ. ತಾಯಿ ಎರಡು ದಿನ ಬೆಟ್ಟವನ್ನು ಸುತ್ತಿ ಸುತ್ತಿ ಕೂಗಿ, ಆಮೇಲೆ ಕಾಣಲಿಲ್ಲ.

ಅಂದು ಸಂಜೆ ನೋಡಿದರೆ ಬೀಗ ತೆಗೆದಿತ್ತು, ಅಣ್ಣನ ಸ್ಟುಡಿಯೋಗೆ ನುಗ್ಗಿದೆ. ತಂತಿಯ ಮೇಲೆ ಚಿತ್ರ ಒಣಗುತ್ತಿತ್ತು. ಬಂಡೆಯ ಮೇಲೆ ಮೂರು ಮರಿಗಳು ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದವು. ಹಿಂದೆ ತೆಳುವಾದ ಬೆಳ್ಳನೆಯ ಪರದೆ. ಅಷ್ಟು ಚೆಂದದ ಚಿತ್ರವನ್ನು ನಾನು ಕಂಡಿರಲಿಲ್ಲ. ಅದಕ್ಕೇ ಇನ್ನಷ್ಟು ಅಸಹ್ಯವಾಯಿತು.

"ಯಾಕ್ ಹಿಂಗ್ ಮಾಡಿದ್ರಿ ಅಣ್ಣಾ?"

"ಮಂಜು ಅಂತಾರೆ ಬಿಡು, ಒಗೆ ಅಂತ ಯಾರ್ಗ್ ಗೊತ್ತಾಗ್ತದೆ?" ಎಂದರು, ತಲೆ ಎತ್ತದೆ. ಕನ್ನಡಕ ತೆಗೆದರು. "ಎರಡೂ ಕಣ್ಣು ಓಗ್ತಾ ಅವೆ ತಂಬಿ. ಡಾಕ್ಟ್ರು ಏನೂ ಮಾಡಕ್ಕಾಗಲ್ಲ ಅಂದ್ರು. ಬರೋ ವರ್ಷಕ್ಕೆ ನನ್ಗೆ ಏನೂ ಕಾಣ್ಸಲ್ಲ. ಒಂದೇ ಒಂದು ಬೇಕಾಗಿತ್ತು..."

"ಕಾಣಬ್ಯಾಡ್ರಿ. ನಿಮ್ಮಂಥವ್ರಿಗೆ ಕಣ್ಣು ಇರಬಾರ್ದು," ಎಂದೆ. ಈ ಮಾತನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಬೆಂಗಳೂರಿನ ಛಾಯಾಗ್ರಾಹಕರ ಸಂಘವೊಂದರ ಸ್ಪರ್ಧೆಯಲ್ಲಿ ಆ ಚಿತ್ರಕ್ಕೆ ಮೊದಲ ಬಹುಮಾನ ಬಂತು. 'ಮುಂಜಾನೆಯ ಮಂಜು' ಎಂದು ಹೆಸರಿಟ್ಟಿದ್ದರು. ನಾನು ನನ್ನ ಹೆಸರು, ವಿಳಾಸ ಹಾಕಿ ಅದು ಹೇಗೆ ತೆಗೆದ ಚಿತ್ರವೆಂದು ಆ ಸಂಘಕ್ಕೆ ಬರೆದೆ. ಸಂಘದವರು ವಿಚಾರಿಸಿದರು, ಬಹುಮಾನ ಹಿಂದಕ್ಕೆ ಪಡೆದರು. ಸುದ್ದಿ ಆಂಡರ್ಸನ್‌ಪೇಟೆಗೆಲ್ಲ ಹಬ್ಬಿತು.

ಒಂದು ಮಧ್ಯಾಹ್ನ ಅಣ್ಣ ನನ್ನ ಕ್ವಾರ್ಟರ್ಸ್ ಗೇಟಿನ ಮುಂದೆ ಬಂದು ನಿಂತರು. ಆಗಲೇ ಕಂಬಿಯನ್ನು ತಡವಿ ಹಿಡಿದುಕೊಳ್ಳುತ್ತಿದ್ದರು.

"ಬರ್ದೆ, ಸರಿ. ಒಲ ಕಾಯೋರ್ಗೆಲ್ಲ ಕಾಣೋ ಅಂಗೆ ಬೆಂಕಿ ಇಟ್ಟೋನು ನಾನು. ಆದ್ರೆ ಆ ಮುದ್ಕಿಗೆ ಮಾತ್ ಕೊಟ್ಟು ದಾರಿ ಬರ್ದು ಕೊಟ್ಟೋನ್ ಯಾರು? ಅದ್ನೂ ಬರ್ದಾ ಕಾಗದ್ದಾಗೆ?"

ಬರೆದಿರಲಿಲ್ಲ. ಬಾಗಿಲು ಹಾಕಿಕೊಂಡೆ. ಒಳಗೆ ನಿಂತು, ಅವರ ಚಪ್ಪಲಿಯ ಸದ್ದು ತಿರುವಿನಾಚೆ ಹೋಗುವವರೆಗೂ ಕೇಳಿಸಿಕೊಂಡೆ.

ಆಮೇಲೆ ನಾವು ಮಾತಾಡಲಿಲ್ಲ. ಅವರಿಗೆ ಪೂರ್ತಿ ಕಾಣದಾಯಿತು. ಗಣಿ ಮುಚ್ಚುವುದಕ್ಕೂ ಸ್ವಲ್ಪ ಮೊದಲು ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಸ್ಟುಡಿಯೋ ಖಾಲಿ ಮಾಡುವಾಗ ಅವರ ನೆಗೆಟಿವ್‌ಗಳನ್ನೂ ಚಿತ್ರಗಳನ್ನೂ ಗುಜರಿಯವನಿಗೆ ಹಾಕಿದರೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಒಳ್ಳೆಯದೇ ಆಯಿತು ಎಂದೆ.

ನಿವೃತ್ತನಾದ ಮೇಲೆ ಬಂಗಾರಪೇಟೆಯಲ್ಲಿ ಮನೆ ಮಾಡಿದೆ. ಹೋದ ತಿಂಗಳು ಬೂದಿಕೋಟೆಯ ಕಡೆ ಒಂದು ಗೃಹಪ್ರವೇಶಕ್ಕೆ ಹೋದವನು ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಕುರಿ ಕಾಯುವ ನಡುವಯಸ್ಸಿನವನೊಬ್ಬ ಕೂತಿದ್ದ. ಆ ಬೆಟ್ಟದಲ್ಲಿ ಈಗಲೂ ತೋಳ ಇದೆಯೇ ಎಂದು ಕೇಳಿದೆ.

"ತೋಳನಾ? ನಾನ್ ಕಣ್ಣಲ್ಲೇ ಕಂಡಿಲ್ಲ ಸಾ. ನೋಡಾಕ್ ಎಂಗಿರ್ತದೆ? ನಾಯಿ ಅಂಗಾ?"

ನಾಯಿಯ ಹಾಗಲ್ಲ ಎಂದೆ. ಮರಿಗಳ ಕಿವಿ ಹೇಗಿತ್ತು, ಬಂಡೆಯ ಮೇಲೆ ಕಾಲನ್ನು ಹೇಗೆ ಊರಿದ್ದವು ಎಂದು ಹೇಳಹೊರಟೆ... ನಾನು ಅವುಗಳನ್ನು ಹತ್ತಿರದಿಂದ ಕಂಡದ್ದು ಗುಜರಿಗೆ ಹೋದ ಅಣ್ಣನ ಆ ಚಿತ್ರದಲ್ಲಿ ಮಾತ್ರ. ಅಷ್ಟರಲ್ಲಿ ಬಸ್ಸು ಬಂತು.